ತೂಕ ಹೆಚ್ಚಾಯಿತು, ಕೋಲು ಹಗುರಾಯಿತು

ಮಂಡಿ ನೋವು ಅಂತ ದೊಡ್ಡಪ್ಪ ಗಾಲ್ಫ್ ಬಿಟ್ಟಾಗ ಅವರ ಐರನ್ ಸೆಟ್ (ಕಬ್ಬಿಣದ ತಲೆಯ, ಒಂದೊಂದಕ್ಕೂ ನಂಬರ್ ಇರುವ ಕೋಲುಗಳು) ನನ್ನ ಪಾಲಿಗೆ ಬಂತು. ಕಬ್ಬಿಣವೆಲ್ಲ ಚೆನ್ನಾಗಿತ್ತು. ಕೈಯಲ್ಲಿ ಹಿಡಿಯುವ ರಬ್ಬರ್ ಗ್ರಿಪ್‌ಗಳು ಮಾತ್ರ ಹಳೇ ಜೀಪಿನ ಟೈರಿನ ಹಾಗೆ ಗಟ್ಟಿಯಾಗಿದ್ದವು. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಗೆ ಕೊಟ್ಟೆ. ನನ್ನ ಕೈ ನೋಡಿ, 'ನಿಮಗೆ ದಪ್ಪ ಗ್ರಿಪ್ಪೇ ಸರಿ ಸಾರ್' ಅಂದರು. ಹಾಕಿಯೂ ಕೊಟ್ಟರು. 6 ಐರನ್‌ಗೆ ಬರುವಾಗ ಅವರ ಹತ್ತಿರ ಸ್ಟಾಕ್ ಮುಗಿದಿತ್ತು. ಅದೊಂದು ಹಳೆಯ ಗ್ರಿಪ್ಪಿನಲ್ಲೇ ಉಳಿಯಿತು.

ಊರಿಗೆ ಬಂದು ಆಡಿದೆ. ಅನಾಹುತ. ಚೆಂಡಿನ ನೆತ್ತಿಗೆ ಹೊಡೆಯುವುದು, ಇಲ್ಲವೇ ಹಿಂದಿನ ಹುಲ್ಲು ಕೆರೆಯುವುದು. ಕೋಲು ಬೀಸುವಾಗ ಅದರ ತಲೆ ಎಲ್ಲಿದೆ ಅಂತಲೇ ಕೈಗೆ ಗೊತ್ತಾಗುತ್ತಿರಲಿಲ್ಲ. ಪೊರಕೆ ಬೀಸಿದ ಹಾಗೆ. ಬೇಜಾರಿನಲ್ಲಿ 6 ಐರನ್ ತೆಗೆದು ಹೊಡೆದರೆ ಅದು ಮಾತ್ರ ಮೊದಲಿನ ಹಾಗೇ ಇತ್ತು.

ಕಾಫಿಯ ಔಟ್‌ಟರ್ನ್ (ಒಣಗಿದ ಹಣ್ಣಿನಿಂದ ಎಷ್ಟು ಬೇಳೆ ಸಿಗುತ್ತದೆ ಅಂತ) ನೋಡಲು ಮನೆಯಲ್ಲಿ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇದೆ. ಅದರ ಮೇಲೆ ಇಟ್ಟು ನೋಡಿದೆ. ಹಳೆಯ ಗ್ರಿಪ್ಪಿನ ತೂಕ 50 ಗ್ರಾಂ, ಹೊಸದು 63. ಅಂದರೆ ಒಂದೊಂದು ಕೋಲೂ 13 ಗ್ರಾಂ ಭಾರವಾಗಿದೆ. ಆದರೆ ಕೈಗೆ ಹಗುರವಾಗಿದೆ. ತಕ್ಕಡಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ಇದು ಹೇಗೆ ಅಂತ ಹುಡುಕಲು ಹೊರಟಾಗ ತಿಳಿದಿದ್ದನ್ನೇ ಇಲ್ಲಿ ಬರೆದಿದ್ದೇನೆ.

(ಗಾಲ್ಫ್‌ನಲ್ಲಿ ಇದನ್ನು ಕ್ಲಬ್ ಅನ್ನುತ್ತಾರೆ. ನಮ್ಮ ಕಡೆ ಕ್ಲಬ್ ಅಂದರೆ ಮೊದಲು ನೆನಪಾಗುವುದು ಇಸ್ಪೀಟ್ ಟೇಬಲ್ಲು. ಹಾಗಾಗಿ ಕೋಲು ಅಂತಲೇ ಬರೆಯುತ್ತೇನೆ.)

ಕತ್ತಿಯೂ ಹಾಕಿ ಸ್ಟಿಕ್ಕೂ

ಗಾಲ್ಫ್ ಆಡದವರಿಗೂ ಇದು ಗೊತ್ತಿರುವ ವಿಷಯವೇ. ತೋಟದ ಮನೆಯಲ್ಲಿ ಎರಡು ಕತ್ತಿ ಇರುತ್ತವೆ ಅಂದುಕೊಳ್ಳಿ. ತೂಗಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಒಂದು ತಾನಾಗಿಯೇ ಕೊಂಬೆಯೊಳಗೆ ಇಳಿಯುತ್ತದೆ, ಇನ್ನೊಂದನ್ನು ನಾವೇ ತಳ್ಳಬೇಕು. ಮರಗಸಿಗೆ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯಲು, ಬರುವವರು ತಮ್ಮ ಕತ್ತಿಯನ್ನು ಸುಮ್ನೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಅಲ್ವಾ? ಅವರು ನೋಡುವುದು ಎಷ್ಟು ತೂಕ ಅಂತ ಅಲ್ಲ, ತೂಕ ಎಲ್ಲಿದೆ ಅಂತ. ನಮ್ಮ ಕೊಡಗಿನ ಒಡಿಕತ್ತಿಯನ್ನೇ ನೋಡಿ. ಅಲಗು ಅಗಲ, ತೂಕವೆಲ್ಲ ಹಿಡಿಯಿಂದ ದೂರ. ಮದುವೆಯಲ್ಲಿ ಬಾಳೆದಿಂಡು ಕಡಿಯುವಾಗ ಅದು ಬೀಳುವ ರೀತಿಯೇ ಬೇರೆ. ಸೊಂಟದ ಮುಂದೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗೆ ಆ ಬೀಸು ಇಲ್ಲ, ಬೇಕಾಗಿಯೂ ಇಲ್ಲ.

ಇನ್ನೂ ಸುಲಭದ ಪರೀಕ್ಷೆ ಬೇಕೇ? ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆ ಕಡಿಮೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾದ ಮೇಲಂತೂ ಅಜ್ಜಂದಿರೂ ಸ್ಟಿಕ್ ಹುಡುಕಿ ತೆಗೆದರು. ಒಂದು ಸ್ಟಿಕ್ ತೆಗೆದುಕೊಂಡು ಹಿಡಿಯ ಕಡೆ ಹಿಡಿದು ಬೀಸಿ. ಆಮೇಲೆ ತಿರುಗಿಸಿ, ಬಾಗಿದ ಕಡೆ ಹಿಡಿದು ಬೀಸಿ. ಅದೇ ಸ್ಟಿಕ್, ಅದೇ ತೂಕ. ಎರಡನೆಯ ಸಲ ಗಾಳಿ ಕಡ್ಡಿಯಷ್ಟು ಹಗುರ. ಯಾಕೆ? ತೂಕ ಈಗ ನಿಮ್ಮ ಮುಷ್ಟಿಯಲ್ಲೇ ಇದೆ.

ನನ್ನ ಐರನ್‌ಗಳಿಗೆ ಆಗಿದ್ದೂ ಇದೇ. 13 ಗ್ರಾಂ ಸೇರಿದ್ದು ಮುಷ್ಟಿಯ ಕೆಳಗೆ. ತಲೆಯ ಕಡೆ ಏನೂ ಸೇರಲಿಲ್ಲ. ಒಟ್ಟು ತೂಕದಲ್ಲಿ ತಲೆಯ ಪಾಲು ಕಡಿಮೆಯಾಯಿತು. ಅಷ್ಟೇ.

ಕೋಲಿನ ಭಾಗಗಳು ಮೂರು. ತುದಿಯಲ್ಲಿ ಚೆಂಡಿಗೆ ತಾಗುವ ಹೆಡ್. ನಡುವೆ ಶಾಫ್ಟ್, ನಮ್ಮ ಮಾತಿನಲ್ಲಿ ಕಾವು. ಮೇಲೆ ಗ್ರಿಪ್. 7 ಐರನ್ ಅಂದರೆ ಹೆಡ್ ಸುಮಾರು 270 ಗ್ರಾಂ, ಉಕ್ಕಿನ ಶಾಫ್ಟ್ 95ರಿಂದ 130 ಗ್ರಾಂ, ಗ್ರಿಪ್ 50 ಗ್ರಾಂ. ಉದ್ದ 37 ಇಂಚು ಆಸುಪಾಸು. ದೂರ ಹೊಡೆಯುವ ಡ್ರೈವರ್‌ನ ಹೆಡ್ ಇನ್ನೂ ಹಗುರ, ಸುಮಾರು 200 ಗ್ರಾಂ. ಆದರೆ ಕೋಲು 45 ಇಂಚು ಉದ್ದ. ಮರಳಿನಿಂದ ಎತ್ತುವ ವೆಜ್‌ನ ಹೆಡ್ 300 ಗ್ರಾಂ, ಉದ್ದ 35 ಇಂಚು ಚಿಲ್ಲರೆ. ಉದ್ದ ಕಡಿಮೆಯಾದ ಹಾಗೆ ಹೆಡ್ ಭಾರವಾಗುತ್ತಾ ಬರುತ್ತದೆ. ಐರನ್ ಸೆಟ್‌ನಲ್ಲಿ ಒಂದೊಂದು ಕೋಲಿಗೆ ಅರ್ಧ ಇಂಚು ಇಳಿದರೆ ಹೆಡ್ ಸುಮಾರು 7 ಗ್ರಾಂ ಏರುತ್ತದೆ. ಯಾವ ಕೋಲು ಎತ್ತಿಕೊಂಡರೂ ಕೈಗೆ ಒಂದೇ ಥರ ಅನ್ನಿಸಲಿ ಅಂತ ಈ ಏರ್ಪಾಡು.

14 ಇಂಚಿನ ಲೆಕ್ಕ

'ಕೈಗೆ ಒಂದೇ ಥರ' ಅನ್ನುವುದನ್ನು ಅಳೆಯುವುದು ಹೇಗೆ? 1920ರ ದಶಕದಲ್ಲಿ ಅಮೆರಿಕದ ರಾಬರ್ಟ್ ಆಡಮ್ಸ್ ಅನ್ನುವವರು ಇದಕ್ಕೆ ಒಂದು ತಕ್ಕಡಿ ಮಾಡಿದರು. ಲೋರಿದ್ಮಿಕ್ ಸ್ಕೇಲ್ ಅಂತ ಅದರ ಹೆಸರು. ಮಕ್ಕಳು ಆಡುವ ಸೀಸಾ ನೆನಪು ಮಾಡಿಕೊಳ್ಳಿ. ಕೋಲಿನ ಹಿಡಿಯ ತುದಿಯಿಂದ 14 ಇಂಚು ದೂರದಲ್ಲಿ ಸೀಸಾದ ಗೂಟ ಇದೆ. ಗೂಟದ ಒಂದು ಕಡೆ ಗ್ರಿಪ್, ಇನ್ನೊಂದು ಕಡೆ ಹೆಡ್. ಹೆಡ್ ಎಷ್ಟು ಜೋರಾಗಿ ಕೆಳಗೆ ಎಳೆಯುತ್ತದೆ ಅನ್ನುವುದೇ ಅಳತೆ. ಇದಕ್ಕೆ ಸ್ವಿಂಗ್ ವೇಟ್ ಅನ್ನುತ್ತಾರೆ.

ಈ ಅಳತೆಯನ್ನು ಗ್ರಾಂನಲ್ಲಿ ಹೇಳುವುದಿಲ್ಲ. ಎಯಿಂದ ಜಿವರೆಗೆ ಅಕ್ಷರ, ಪ್ರತಿ ಅಕ್ಷರಕ್ಕೆ 0ಯಿಂದ 9ರವರೆಗೆ ಅಂಕಿ. ಸಿ9 ಆದ ಮೇಲೆ ಡಿ0, ಆಮೇಲೆ ಡಿ1. ಮುಂದೆ ಹೋದಷ್ಟೂ ತಲೆ ಭಾರ. ಗಂಡಸರಿಗೆ ಮಾರುವ ಕೋಲುಗಳು ಹೆಚ್ಚಾಗಿ ಡಿ0ಯಿಂದ ಡಿ2, ಹೆಂಗಸರಿಗೆ ಮಾಡಿದವು ಸಿ ಸಾಲಿನಲ್ಲಿ. ವೆಜ್‌ಗಳನ್ನು ಬೇಕಂತಲೇ ಇನ್ನೊಂದೆರಡು ಮೂರು ಅಂಕಿ ಮುಂದೆ ಇಡುತ್ತಾರೆ. ಮರಳು, ದಪ್ಪ ಹುಲ್ಲು ಸೀಳಲು ತಲೆಗೆ ಸ್ವಲ್ಪ ಹಠ ಬೇಕು.

ಒಂದು ಅಂಕಿ ಅಂದರೆ ಎಷ್ಟು? ಸುಮಾರು 50 ಗ್ರಾಂ-ಇಂಚು. ಹೆದರಬೇಡಿ, ಇದು ತೂಕವನ್ನು ದೂರದಿಂದ ಗುಣಿಸಿದ್ದು, ಅಷ್ಟೇ. ಹಾರೆಯಿಂದ ಕಲ್ಲು ಎಬ್ಬಿಸುವಾಗ ತುದಿಯಲ್ಲಿ ಹಿಡಿದಷ್ಟೂ ಸುಲಭ. ಅದೇ ಲೆಕ್ಕ.

7 ಐರನ್‌ನ ಹೆಡ್ ಗೂಟದಿಂದ ಸುಮಾರು 22 ಇಂಚು ದೂರ ಇದೆ. ಅಲ್ಲಿ 2 ಗ್ರಾಂ ಸೇರಿಸಿ: 2 ಗುಣಿಸು 22, 44. ಹೆಚ್ಚುಕಡಿಮೆ ಒಂದು ಅಂಕಿ ಮುಂದೆ ಹೋಯಿತು. ಗ್ರಿಪ್ಪಿನ ತೂಕದ ನಡು ಗೂಟದಿಂದ ಸುಮಾರು 10 ಇಂಚು ಹಿಂದೆ, ಸೀಸಾದ ಈಚೆ ಕಡೆ ಇದೆ. ಅಲ್ಲಿ 5 ಗ್ರಾಂ ಸೇರಿಸಿದರೆ 50. ಒಂದು ಅಂಕಿ ಹಿಂದೆ. ಸರಿಯಾಗಿ 14 ಇಂಚಿನಲ್ಲಿ 20 ಗ್ರಾಂ ಸುತ್ತಿದರೂ ಅಂಕಿ ಅಲ್ಲಾಡುವುದಿಲ್ಲ. ಸೀಸಾದ ಗೂಟದ ಮೇಲೆ ಮಗು ಕೂತರೆ ಯಾವ ಕಡೆಯೂ ಇಳಿಯುವುದಿಲ್ಲವಲ್ಲ, ಹಾಗೆ. ಶಾಫ್ಟ್ ಉದ್ದಕ್ಕೂ ಹರಡಿರುವುದರಿಂದ ಅದರಲ್ಲಿ 9 ಗ್ರಾಂ ಆಸುಪಾಸು ಬದಲಾದರೆ ಒಂದು ಅಂಕಿ. ಉದ್ದ ಅರ್ಧ ಇಂಚು ಏರಿದರೆ ಇಡೀ ಹೆಡ್ಡೇ ಅರ್ಧ ಇಂಚು ಆಚೆ ಹೋಗುತ್ತದೆ. ಅದಕ್ಕೆ 3 ಅಂಕಿ.

ಈಗ ನನ್ನ ಕೋಲಿನ ಲೆಕ್ಕ ಬಿಡಿಸಬಹುದು. 13 ಗ್ರಾಂ ಗುಣಿಸು 10 ಇಂಚು, 130. ಎರಡೂವರೆ, ಮೂರು ಅಂಕಿ ಹಿಂದಕ್ಕೆ. ಅಂಗಡಿಯವರು ಗ್ರಿಪ್ ಹಾಕುವಾಗ ಇದನ್ನೊಂದು ಮಾತು ಹೇಳಿದ್ದರೆ ನಾನು ಎರಡು ಭಾನುವಾರ ಹುಲ್ಲು ಕೆರೆಯುವುದು ತಪ್ಪುತ್ತಿತ್ತು.

ಮನೆಯಲ್ಲೇ ಅಳೆಯುವುದು

ಮಡಿಕೇರಿಯಲ್ಲಿ ಗಾಲ್ಫ್ ಮೈದಾನ ಇದೆ. ಪಾಲಿಬೆಟ್ಟದಲ್ಲಿ ಕಾಫಿ ತೋಟಗಳ ನಡುವೆ 9 ಹೋಲ್‌ಗಳದ್ದಿದೆ. ವಿರಾಜಪೇಟೆ ಪಕ್ಕದ ಬಿಟ್ಟಂಗಾಲದಲ್ಲೂ ಇದೆ. ಆದರೆ ಸ್ವಿಂಗ್ ವೇಟ್ ತಕ್ಕಡಿಗಾಗಿ ಐದಾರು ಗಂಟೆ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಹೋಗಬೇಕಾಗಿಯೂ ಇಲ್ಲ. ಒಂದು ಗ್ರಾಂ ತಕ್ಕಡಿ, ಒಂದು ಟೇಪು, ಒಂದು ಚೂಪು ಅಂಚು ಸಾಕು.

ಮೊದಲು ಇಡೀ ಕೋಲನ್ನು ತೂಗಿ. ಆಮೇಲೆ ಶಾಫ್ಟನ್ನು ಚೂಪು ಅಂಚಿನ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ಸಮ ನಿಲ್ಲುವ ಜಾಗ ಹುಡುಕಿ. ನಾನು ಸ್ಟೀಲ್ ಸ್ಕೇಲನ್ನು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ ಮಾಡಿದೆ. ಹಿಡಿಯ ತುದಿಯಿಂದ ಆ ಜಾಗಕ್ಕೆ ಎಷ್ಟು ಇಂಚು ಅಂತ ಅಳೆಯಿರಿ. ಅದರಲ್ಲಿ 14 ಕಳೆಯಿರಿ. ಉಳಿದದ್ದನ್ನು ಗ್ರಾಂ ತೂಕದಿಂದ ಗುಣಿಸಿ. 6,053 ಬಂದರೆ ಅದು ಡಿ0. ಅದರ ಮೇಲೆ ಪ್ರತಿ 50ಕ್ಕೆ ಒಂದು ಅಂಕಿ ಮುಂದೆ, ಕೆಳಗೆ ಪ್ರತಿ 50ಕ್ಕೆ ಒಂದು ಅಂಕಿ ಹಿಂದೆ.

ಹಳೆಯ ಗ್ರಿಪ್ಪಿನ 6 ಐರನ್ 430 ಗ್ರಾಂ ಇತ್ತು. ಸಮ ನಿಂತದ್ದು 28.2 ಇಂಚಿನಲ್ಲಿ. 14.2 ಗುಣಿಸು 430, 6,106. ಡಿ1. ದಪ್ಪ ಗ್ರಿಪ್ಪಿನ 7 ಐರನ್ 448 ಗ್ರಾಂ. ಸಮ ನಿಂತದ್ದು 27.3ರಲ್ಲಿ. 13.3 ಗುಣಿಸು 448, 5,958. ಸಿ8. ಕಾಗದದ ಮೇಲೆ ಮಾಡಿದ ಲೆಕ್ಕವೂ ಇಟ್ಟಿಗೆಯ ಮೇಲೆ ಮಾಡಿದ ಲೆಕ್ಕವೂ ಕೂಡಿ ಬಂದಾಗ ಆದ ಖುಷಿ ಆ ತಿಂಗಳು ಆಟದಲ್ಲಿ ಸಿಗಲಿಲ್ಲ.

ಒಂದು ಎಚ್ಚರಿಕೆ. ಇಂಚಿನ ಹತ್ತನೇ ಒಂದು ಭಾಗ ತಪ್ಪಿದರೆ ಸುಮಾರು 45 ಗ್ರಾಂ-ಇಂಚು ತಪ್ಪುತ್ತದೆ, ಅಂದರೆ ಹತ್ತಿರ ಹತ್ತಿರ ಒಂದು ಅಂಕಿ. ಹಾಗಾಗಿ ಪ್ರತಿ ಕೋಲನ್ನೂ ಮೂರು ಸಲ ಅಳೆಯಿರಿ. ಇಲ್ಲಿ ನಿಖರ ಅಂಕಿಗಿಂತ ಒಂದು ಕೋಲಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಮುಖ್ಯ.

ಸೀಸದ ಪಟ್ಟಿ

ತಲೆಗೆ ತೂಕ ಸೇರಿಸುವ ಸುಲಭ ದಾರಿ ಲೆಡ್ ಟೇಪ್. ಸೀಸವನ್ನು ತೆಳ್ಳಗೆ ತಟ್ಟಿ ಹಿಂದೆ ಅಂಟು ಹಚ್ಚಿದ ಪಟ್ಟಿ. ಸೀಸವೇ ಯಾಕೆ? ಅದು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ, ಮೆತ್ತಗೆ, ಹೇಗೆ ಬೇಕಾದರೂ ಬಗ್ಗುತ್ತದೆ. ಚಿಕ್ಕ ತುಂಡಿನಲ್ಲೇ ಬೇಕಾದ ಗ್ರಾಂ ಸಿಗುತ್ತದೆ. ನನಗೆ 3 ಅಂಕಿ ಬೇಕಿತ್ತು, ಅಂದರೆ 6 ಗ್ರಾಂ. ತುಂಡು ಮಾಡಿ ತೂಗಿ, ಹೆಡ್ಡಿನ ಹಿಂಭಾಗವನ್ನು ಥಿನ್ನರ್‌ನಿಂದ ಒರೆಸಿ, ಅಂಟಿಸಿ, ಚಮಚದ ಬೆನ್ನಿನಿಂದ ಉಜ್ಜಿ ಕೂರಿಸಿದೆ.

ಆ ಚಮಚವನ್ನು ಮತ್ತೆ ಅಡುಗೆಮನೆಗೆ ಕೊಡಬೇಡಿ. ಸೀಸ ವಿಷ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಮಕ್ಕಳ ಕೈಗೆ ಸಿಗಬಾರದು, ಕತ್ತರಿಯೂ ಬೇರೆ ಇರಲಿ. ಸೀಸ ಬೇಡ ಅನ್ನುವವರಿಗೆ ಟಂಗ್‌ಸ್ಟನ್ ಪಟ್ಟಿಯೂ ಸಿಗುತ್ತದೆ. ಬೆಲೆ ಜಾಸ್ತಿ.

ಪಟ್ಟಿಯನ್ನು ಹೆಡ್ಡಿನ ತುದಿಗೆ (ಶಾಫ್ಟಿನಿಂದ ದೂರದ ಕಡೆ) ಅಂಟಿಸಿದರೆ ಚೆಂಡು ಬಲಕ್ಕೆ, ಬುಡಕ್ಕೆ (ಶಾಫ್ಟ್ ಸೇರುವ ಕಡೆ) ಅಂಟಿಸಿದರೆ ಎಡಕ್ಕೆ ತಿರುಗುತ್ತದೆ ಅಂತ ಮೈದಾನದಲ್ಲಿ ಎಲ್ಲರೂ ಹೇಳುತ್ತಾರೆ. ಬಲಗೈ ಆಟಗಾರರಿಗೆ ದಿಕ್ಕೇನೋ ಸರಿ, ಪ್ರಮಾಣ ಯೋಚಿಸಿ. 270 ಗ್ರಾಂ ಹೆಡ್ಡಿನಲ್ಲಿ ತೂಕದ ನಡುವಿನಿಂದ 30 ಮಿಲಿಮೀಟರ್ ಆಚೆ 6 ಗ್ರಾಂ ಅಂಟಿಸಿದರೆ ಆ ನಡು ಕದಲುವುದು ಒಂದು ಮಿಲಿಮೀಟರಿನ ಮೂರನೇ ಎರಡು ಭಾಗ. ನನ್ನಂಥವರು ಚೆಂಡನ್ನು ಹೆಡ್ಡಿನ ನಡುವಿಗೆ ತಾಗಿಸುವುದರಲ್ಲೇ ಸೆಂಟಿಮೀಟರ್ ತಪ್ಪುತ್ತೇವೆ. ಐರನ್‌ನಲ್ಲಿ ಪಟ್ಟಿಯಿಂದ ಬದಲಾಗುವುದು ಕೈಗೆ ಸಿಗುವ ಅನುಭವ. ಚೆಂಡಿನ ದಾರಿ ಅಷ್ಟಾಗಿ ಅಲ್ಲ.

ಡ್ರೈವರ್‌ನ ಮಾತು ಬೇರೆ. 2004ರಲ್ಲಿ ಟೇಲರ್‌ಮೇಡ್ ಆರ್7 ಕ್ವಾಡ್ ಅನ್ನುವ ಡ್ರೈವರ್ ತಂದಿತು. ಹೆಡ್ಡಿನಲ್ಲಿ ನಾಲ್ಕು ತೂಕದ ಸ್ಕ್ರೂ, ಆಟಗಾರನೇ ಬಿಚ್ಚಿ ಜಾಗ ಬದಲಿಸಬಹುದು. ಈಗ ಬಹುತೇಕ ಕಂಪನಿಗಳ ಡ್ರೈವರ್‌ನಲ್ಲಿ ಇಂಥದ್ದೇನಾದರೂ ಇರುತ್ತದೆ. ಡ್ರೈವರ್‌ನ ಹೆಡ್ ಅಗಲ, ಒಳಗೆ ಟೊಳ್ಳು, ತೂಕ ಬರೀ 200 ಗ್ರಾಂ. 10 ಗ್ರಾಂ ಸ್ಕ್ರೂವನ್ನು ಒಂದು ಬದಿಯಿಂದ 80 ಮಿಲಿಮೀಟರ್ ಆಚೆಯ ಇನ್ನೊಂದು ಬದಿಗೆ ಹಾಕಿದರೆ ತೂಕದ ನಡು 4 ಮಿಲಿಮೀಟರ್ ಸರಿಯುತ್ತದೆ. ಅದು ಚೆಂಡಿನ ದಾರಿಯಲ್ಲಿ ಕಾಣುತ್ತದೆ.

ಪಟ್ಟಿ ಕಣ್ಣಿಗೆ ಕಾಣಬಾರದು ಅನ್ನುವವರು ಹೆಡ್ ಬಿಚ್ಚಿಸಿ ಶಾಫ್ಟಿನ ತುದಿಯೊಳಗೆ ಹಿತ್ತಾಳೆ ಅಥವಾ ಟಂಗ್‌ಸ್ಟನ್ ತುಂಡು ಇಳಿಸಿ ಎಪಾಕ್ಸಿ ಅಂಟು ಹಾಕಿಸುತ್ತಾರೆ. ಚೆನ್ನಾಗಿ ಕಾಣುತ್ತದೆ. ಆದರೆ ಆ ತೂಕ ಕೂರುವುದು ಹೆಡ್ಡಿನ ಕತ್ತಿನಲ್ಲಿ. ಜಾಸ್ತಿ ಹಾಕಿದರೆ ತೂಕದ ನಡು ಬುಡದ ಕಡೆಗೆ ಜಾರುತ್ತದೆ. ಒಂದೆರಡು ಅಂಕಿಗೆ ಸರಿ, ಅದಕ್ಕಿಂತ ಮೇಲೆ ಬೇಡ ಅಂತ ನನ್ನ ಅಭಿಪ್ರಾಯ. ಇಷ್ಟಕ್ಕೂ ತಲೆ ಭಾರವಾದಷ್ಟೂ ಶಾಫ್ಟ್ ಹೆಚ್ಚು ಬಳುಕುತ್ತದೆ. ತೂಕ ಮಾತ್ರ ಬದಲಿಸಿದೆ ಅಂದುಕೊಂಡವರು ಬಳುಕನ್ನೂ ಬದಲಿಸಿರುತ್ತಾರೆ.

ತಲೆ ಭಾರ ಅನ್ನಿಸಿದರೆ? ತೆಗೆಯುವುದು ಕಷ್ಟ. ಹಲವರು ಶಾಫ್ಟ್ ಕತ್ತರಿಸುತ್ತಾರೆ. ಅರ್ಧ ಇಂಚು ಕತ್ತರಿಸಿದರೆ 3 ಅಂಕಿ ಇಳಿಯುತ್ತದೆ. ಜೊತೆಗೆ ಕೋಲು ಬಿಗಿಯೂ ಆಗುತ್ತದೆ, ನಿಲ್ಲುವ ಭಂಗಿಯೂ ಬದಲಾಗುತ್ತದೆ. ಕಪಾತು ಮಾಡಿದ ಕಾಫಿ ಗಿಡ ಮತ್ತೆ ಚಿಗುರುತ್ತದೆ. ಶಾಫ್ಟ್ ಚಿಗುರುವುದಿಲ್ಲ. ಗರಗಸ ಹಿಡಿಯುವ ಮೊದಲು ಅರ್ಧ ಇಂಚು ಕೆಳಗೆ ಹಿಡಿದು ಒಂದು ತಿಂಗಳು ಆಡಿ ನೋಡಿ.

ಅಂಕಿ ಹೇಳದ ಸಂಗತಿ

ಇಲ್ಲಿಯವರೆಗೆ ಓದಿದವರಿಗೆ ಒಂದು ಉಪಾಯ ಹೊಳೆದಿರಬಹುದು. ತಲೆ ಭಾರ ಆದರೆ ಹಿಡಿಯ ತುದಿಯಲ್ಲಿ ತೂಕ ಹಾಕಿದರಾಯಿತಲ್ಲ? ಲೆಕ್ಕ ಮಾಡಿ. ಹಿಡಿಯ ತುದಿಯಲ್ಲಿ 50 ಗ್ರಾಂ ತುರುಕಿದರೆ 50 ಗುಣಿಸು 14, 700. ಹದಿನಾಲ್ಕು ಅಂಕಿ! ಡಿ2 ಇದ್ದ ಕೋಲು ಬಿ8 ಆಗುತ್ತದೆ. ಅಂಕಿಯ ಪ್ರಕಾರ ಅದು ಚಿಕ್ಕ ಮಕ್ಕಳ ಕೋಲು. ಬೀಸಿ ನೋಡಿದರೆ ಹಾಗೇನೂ ಅಲ್ಲ. ತಲೆಯನ್ನು ತಿರುಗಿಸಲು ಹೆಚ್ಚುಕಡಿಮೆ ಮೊದಲಿನಷ್ಟೇ ಬಲ ಬೇಕು.

ಸ್ವಿಂಗ್ ವೇಟ್‌ನ ದೌರ್ಬಲ್ಯ ಇಲ್ಲಿದೆ. ತಕ್ಕಡಿಯ ಮೇಲೆ ಕೋಲು ಸುಮ್ಮನೆ ಮಲಗಿರುತ್ತದೆ. ಆಟದಲ್ಲಿ ಅದು ತಿರುಗುತ್ತದೆ. ತಿರುಗುವ ವಸ್ತುವಿನ ಲೆಕ್ಕದಲ್ಲಿ ದೂರವನ್ನು ಒಂದು ಸಲ ಗುಣಿಸಿದರೆ ಸಾಲದು, ಎರಡು ಸಲ ಗುಣಿಸಬೇಕು. ಅಲ್ಲದೆ ಯಾರೂ ಕೋಲನ್ನು 14 ಇಂಚಿನ ಗೂಟದ ಸುತ್ತ ತಿರುಗಿಸುವುದಿಲ್ಲ. ಮಣಿಕಟ್ಟಿನ ಸುತ್ತ, ಭುಜದ ಸುತ್ತ ತಿರುಗಿಸುತ್ತಾರೆ.

ಕೈಗಳ ನಡು ಹಿಡಿಯ ತುದಿಯಿಂದ 4 ಇಂಚು ಅಂದುಕೊಳ್ಳಿ. ತುದಿಯಲ್ಲಿ ತುರುಕಿದ 50 ಗ್ರಾಂ ಕೈಯಿಂದ 4 ಇಂಚು ದೂರ. 50 ಗುಣಿಸು 4 ಗುಣಿಸು 4, 800. ಹೆಡ್ಡಿನ ಮೇಲೆ ಅಂಟಿಸಿದ 6 ಗ್ರಾಂ ಸೀಸ ಕೈಯಿಂದ 32 ಇಂಚು ದೂರ. 6 ಗುಣಿಸು 32 ಗುಣಿಸು 32, 6,144. ನೋಡಿ, 50 ಗ್ರಾಂಗಿಂತ 6 ಗ್ರಾಂ ಏಳು ಪಟ್ಟಿಗೂ ಹೆಚ್ಚು ಅಡ್ಡಿ ಮಾಡುತ್ತದೆ. ಅದಕ್ಕೇ ಕೆಲವರು ಈಗ ಇಡೀ ಸೆಟ್ಟನ್ನು ಸ್ವಿಂಗ್ ವೇಟ್ ಬಿಟ್ಟು ಈ ತಿರುಗುವ ಲೆಕ್ಕದ ಮೇಲೆ ಹೊಂದಿಸಿಕೊಳ್ಳುತ್ತಾರೆ.

ಹಾಗಾದರೆ 13 ಗ್ರಾಂ ಹೆಚ್ಚು ತೂಗುವ ನನ್ನ ಗ್ರಿಪ್ ಅಷ್ಟೊಂದು ಕಾಟ ಕೊಟ್ಟದ್ದು ಯಾಕೆ? ತಲೆ ತಿರುಗಿಸುವ ಬಲ ಬದಲಾಗಲಿಲ್ಲ ಅನ್ನುವುದು ನಿಜ. ಆದರೆ ಗ್ರಿಪ್ ಬರೀ ತೂಕವಲ್ಲ, ದಪ್ಪವೂ ಹೌದು. ಕೈ ತುಂಬಾ ದಪ್ಪ ಸಿಕ್ಕಾಗ ಬೆರಳುಗಳಿಗೆ ತಲೆಯ ಎಳೆತ ಮಂಕಾಗಿ ಕೇಳಿಸುತ್ತದೆ, ಮಣಿಕಟ್ಟೂ ಅಷ್ಟು ಆಡುವುದಿಲ್ಲ. ಸಮತೋಲದ ಜಾಗ ಮುಕ್ಕಾಲು ಇಂಚಿನ ಹತ್ತಿರ ಕೈ ಕಡೆಗೆ ಬಂದಿದ್ದೂ ಸೇರಿಕೊಂಡಿತು. ಎರಡೂ ಒಂದೇ ದಿನ ಬದಲಾದವು. ಯಾವುದರ ಪಾಲು ಎಷ್ಟು ಅಂತ ಆಗ ಬಿಡಿಸಲು ಆಗಲಿಲ್ಲ. ನಾನು ಕಲಿತ ಬುದ್ಧಿ ಅಂದರೆ ಇದೇ: ಒಂದು ಸಲಕ್ಕೆ ಒಂದೇ ಜಾಗದಲ್ಲಿ ಕೈ ಹಾಕಬೇಕು.

ಒಟ್ಟು ತೂಕವನ್ನು ಜನ ಮರೆತೇಬಿಡುತ್ತಾರೆ. ಡಿ1, ಡಿ2 ಅಂತ ಅಕ್ಷರದ ಹಿಂದೆ ಬೀಳುತ್ತಾರೆ. 120 ಗ್ರಾಂ ಉಕ್ಕಿನ ಶಾಫ್ಟ್ ತೆಗೆದು 80 ಗ್ರಾಂ ಗ್ರಾಫೈಟ್ ಹಾಕಿ, ಹೆಡ್ಡಿಗೆ 8 ಗ್ರಾಂ ಸೇರಿಸಿದರೆ ಸ್ವಿಂಗ್ ವೇಟ್ ಹೆಚ್ಚುಕಡಿಮೆ ಮೊದಲಿನದ್ದೇ ಆಗುತ್ತದೆ. ಆದರೆ ಕೋಲು 32 ಗ್ರಾಂ ಹಗುರ. ಎರಡೂ ಒಂದೇ ಅಂತ ಯಾವ ಕೈಯೂ ಒಪ್ಪುವುದಿಲ್ಲ. ತೀರಾ ಹಗುರವಾದರೆ ಕೈ ಅವಸರ ಮಾಡುತ್ತದೆ. ತೀರಾ ಭಾರವಾದರೆ ಕೊನೆಯ ಹೋಲ್‌ಗಳಲ್ಲಿ ಭುಜ ಸೋಲುತ್ತದೆ. ನಮ್ಮ ಮೈದಾನಗಳಲ್ಲಿ ಸಮತಟ್ಟು ಜಾಗವೇ ಕಡಿಮೆ, ಗುಡ್ಡ ಹತ್ತಿ ಇಳಿದೇ ಅರ್ಧ ಸುಸ್ತು. ವಯಸ್ಸಾದವರಿಗೆ ಗ್ರಾಫೈಟ್ ಹಿತ. ಚೆಂಡಿಗೆ ತಾಗಿದಾಗ ಮೊಣಕೈಗೆ ಬರುವ ಜುಮ್ಮೂ ಕಡಿಮೆ.

ಹಿಡಿಯ ಕಡೆ ತೂಕ ಹಾಕುವುದು ಹಾಗಾದರೆ ವ್ಯರ್ಥವೇ? ಅಲ್ಲ, ಪಟರ್‌ನಲ್ಲಿ ಅದು ಕೆಲಸ ಮಾಡುತ್ತದೆ. ಪಟರ್ ಅಂದರೆ ಚೆಂಡನ್ನು ಗುಂಡಿಗೆ ಉರುಳಿಸುವ ಕೋಲು. ಅಲ್ಲಿ ಬೀಸು ಇಲ್ಲ, ನಡುಗದ ಕೈ ಬೇಕು. ಮೊದಲು ಉದ್ದನೆಯ ಪಟರನ್ನು ಹೊಟ್ಟೆಗೋ ಎದೆಗೋ ಆನಿಸಿ ಹೊಡೆಯುವವರಿದ್ದರು. 2016ರ ಜನವರಿ 1ರಿಂದ ಹಾಗೆ ಆನಿಸುವುದನ್ನು ನಿಯಮ ತಡೆಯಿತು. ಆಗ ಹಿಡಿಯಲ್ಲಿ ತೂಕ ತುಂಬಿದ ಪಟರ್‌ಗಳ ಕಡೆ ಹಲವರು ಹೊರಳಿದರು. ಎರಡೂ ತುದಿ ಭಾರವಾದಾಗ ಕೋಲು ಸಣ್ಣ ನಡುಕಕ್ಕೆ ಜಗ್ಗುವುದಿಲ್ಲ. ಸರ್ಕಸ್‌ನಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಬಿದಿರು ಹಿಡಿದಿರುವುದೂ ಇದಕ್ಕೇ.

ಮಳೆ, ಬೂಷ್ಟು, ಗಡಗಡ

ಕೊಡಗಿನಲ್ಲಿ ಕೋಲಿನ ಫೀಲ್ ಕೆಡಿಸುವುದರಲ್ಲಿ ಮಳೆಗೆ ಮೊದಲ ಬಹುಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗುಲಿಯ ಮೂಲೆಯಲ್ಲಿ ಬ್ಯಾಗ್ ಇಟ್ಟರೆ ಚರ್ಮಕ್ಕೆಲ್ಲ ಬೂಷ್ಟು. ರಬ್ಬರ್ ಗ್ರಿಪ್ಪಿನ ಮೇಲೆ ಬೆವರು, ಎಣ್ಣೆ, ತೇವ ಸೇರಿ ಒಂದು ಪದರ ಕಟ್ಟುತ್ತದೆ. ಗ್ರಿಪ್ ಜಾರಿದರೆ ನಾವು ಗೊತ್ತಿಲ್ಲದೆಯೇ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿಯಾಗಿ ಹಿಡಿದ ಕೈಗೆ ತಲೆಯ ತೂಕ ತಿಳಿಯುವುದಿಲ್ಲ. ಆಗ ಸೀಸದ ಪಟ್ಟಿ ತರಿಸುವ ಮೊದಲು ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಮಳೆಯಲ್ಲೂ ಆಡುವವರಿಗೆ ರಬ್ಬರಿನಲ್ಲಿ ದಾರ ನೇಯ್ದ ಗ್ರಿಪ್ ಒಳ್ಳೆಯದು, ಅಂಗೈ ಸ್ವಲ್ಪ ಒರಟಾಗುತ್ತದೆ.

ತೊಳೆಯುವಾಗ ಗ್ರಿಪ್ಪಿನ ನೆತ್ತಿಯ ಮೇಲಿರುವ ಸಣ್ಣ ತೂತಿಗೆ ನೀರು ಬಿಡಬೇಡಿ. ನೀರು ಶಾಫ್ಟಿನೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ, ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೋಲು ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದಾದರೆ ಅದು ತುಕ್ಕಿನ ಚೂರು, ಇಲ್ಲವೇ ಒಡೆದ ಎಪಾಕ್ಸಿ. ದೊಡ್ಡಪ್ಪನ 9 ಐರನ್‌ನಲ್ಲಿ ಇಂಥ ಸದ್ದು ವರ್ಷಗಟ್ಟಲೆ ಇತ್ತಂತೆ. 'ಅದು ಅದರ ಗೆಜ್ಜೆ' ಅಂತ ಅವರು ಬಿಟ್ಟುಬಿಟ್ಟಿದ್ದರು.

ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ, ಕತ್ತಿಗಳನ್ನು ಪೂಜೆಗಿಡುವಾಗ ನನ್ನ ಐರನ್‌ಗಳನ್ನೂ ಪಕ್ಕದಲ್ಲಿ ಇಡೋಣವೇ ಅಂತ ಕೇಳಿದ್ದಕ್ಕೆ ಮನೆಯಲ್ಲಿ ನಕ್ಕರು. ಇಡಲಿಲ್ಲ. ಆದರೆ ವರ್ಷಕ್ಕೊಂದು ಸಲ ಕೋಲುಗಳನ್ನೆಲ್ಲ ಒರೆಸಿ, ತೂಗಿ, ಅಳೆಯಲು ಸೆಪ್ಟೆಂಬರ್ ಸರಿಯಾದ ತಿಂಗಳು. ಮಳೆ ಇಳಿದಿರುತ್ತದೆ, ಕಾಫಿ ಕೊಯ್ಲಿಗೆ ಇನ್ನೂ ಹೊತ್ತಿರುತ್ತದೆ.

ಪಂದ್ಯ ಆಡುವವರಿಗೆ ಒಂದು ಮಾತು. ಪಟ್ಟಿ ಅಂಟಿಸುವುದು, ಸ್ಕ್ರೂ ಬದಲಿಸುವುದು ಎಲ್ಲವೂ ಆಟ ಶುರುವಾಗುವ ಮೊದಲು. ಸುತ್ತಿನ ನಡುವೆ ಬೇಕಂತಲೇ ಬದಲಿಸಿ ಆ ಕೋಲಿನಿಂದ ಒಂದು ಹೊಡೆತ ಹೊಡೆದರೂ ನಿಯಮದ ಪ್ರಕಾರ ಪಂದ್ಯದಿಂದಲೇ ಹೊರಗೆ. ನಾಲ್ಕನೇ ಹೋಲ್‌ನಲ್ಲಿ ತಲೆ ಭಾರ ಅನ್ನಿಸಿತು ಅಂತ ಉಗುರಿನಿಂದ ಪಟ್ಟಿ ಕಿತ್ತವರೂ ಅದರಲ್ಲಿ ಸೇರುತ್ತಾರೆ.

ನನ್ನ ಕಥೆಗೆ ಬರುತ್ತೇನೆ. 6 ಗ್ರಾಂ ಪಟ್ಟಿ ಅಂಟಿಸಿದ ಮೇಲೆ 7 ಐರನ್ ಮತ್ತೆ ಡಿ1 ಆಯಿತು. ಅಂಕಿ ಸರಿಹೋಯಿತು, ತಲೆಯೂ ಸಿಕ್ಕಿತು. ಆದರೆ ಒಟ್ಟು ತೂಕ 454 ಗ್ರಾಂಗೆ ಏರಿತ್ತು, ದಪ್ಪದ ಮಂಕು ಹಾಗೇ ಇತ್ತು. ಮೂರು ತಿಂಗಳು ಆಡಿದೆ. ಕೊನೆಗೆ ಪಟ್ಟಿಯನ್ನೂ ದಪ್ಪ ಗ್ರಿಪ್ಪನ್ನೂ ಕಿತ್ತು ಹಾಕಿ, ಮೊದಲಿನಷ್ಟೇ ದಪ್ಪದ, 50 ಗ್ರಾಂ ತೂಕದ ಹೊಸ ಗ್ರಿಪ್‌ಗಳನ್ನು ತರಿಸಿ ನಾನೇ ಹಾಕಿದೆ. ಎರಡು ಬದಿ ಅಂಟಿನ ಟೇಪು, ಸ್ವಲ್ಪ ಟರ್ಪಂಟೈನ್, ಒಂದು ಮಧ್ಯಾಹ್ನ. ಅಂಗಳದಲ್ಲಿ ಕೂತು ಮಾಡಿ, ವಾಸನೆಗೆ ತಲೆ ಸುತ್ತುತ್ತದೆ.

6 ಐರನ್‌ಗೂ ಒಂದು ತರಿಸಿದ್ದೆ. ಅದನ್ನು ಇನ್ನೂ ಹಾಕಿಲ್ಲ. ಹಳೆಯ ಗ್ರಿಪ್ ಜಾರುತ್ತದೆ, ನಿಜ. ಆದರೆ ಉಳಿದ ಕೋಲುಗಳಲ್ಲಿ ಏನಾದರೂ ಬದಲಿಸಿದಾಗ ಪಕ್ಕದಲ್ಲಿಟ್ಟು ಬೀಸಿ ನೋಡಲು ಅದೊಂದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.